ನಳಿಗೆಯ ಮೇಲಿನ ಹೂಬಳ್ಳಿ

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ.

ಊರಿನಿಂದ ನೆಂಟರು ಬಂದರೆ ನಾವೆಲ್ಲ ಅವರನ್ನು ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಕರೆದೊಯ್ಯುವುದುಂಟು. ಆಯುಧಗಳ ವಿಭಾಗದಲ್ಲಿ ಅಕ್ಬರನ ಎದೆಗವಚದ ಮುಂದೆ ಎಲ್ಲರೂ ನಿಲ್ಲುತ್ತಾರೆ. ಹಳೆಯ ಬಂದೂಕುಗಳ ಮುಂದೆ ಮಾತ್ರ ಯಾರೂ ನಿಲ್ಲುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಅಂಥ ಬಂದೂಕುಗಳ ವಿಷಯ, ಅದರಲ್ಲೂ ರಾಜರ ಬೇಟೆಕೋವಿಗಳ ಮೇಲಿನ ಚಿತ್ತಾರದ ವಿಷಯ.

ಚಿನ್ನದ ಬಳ್ಳಿ, ಓಡುವ ಜಿಂಕೆ, ಬಾಯ್ದೆರೆದ ಹುಲಿ ಇವನ್ನೆಲ್ಲ ನೋಡಿದಾಗ ಬರೀ ದೊಡ್ಡಸ್ತಿಕೆ ಅನ್ನಿಸಬಹುದು. ಆದರೆ ಈ ಚೆಲುವು ಹುಟ್ಟಿದ್ದು ಕುಲುಮೆಯಲ್ಲಿ, ಒಂದು ಭಯದಿಂದ. ನಳಿಗೆ, ಅಂದರೆ ಗುಂಡು ಹೊರಡುವ ಕೊಳವೆ, ಸಿಡಿದರೆ ಸಾಯುವವನು ಗುರಿಯಿಟ್ಟವನೇ. ಮೊದಲೆಲ್ಲ ನಳಿಗೆಯ ಕಾಲು ಭಾಗಕ್ಕಿಂತ ಹೆಚ್ಚು ಸಿಡಿಮದ್ದು ತುಂಬಲು ಆಗುತ್ತಿರಲಿಲ್ಲ ಎಂದು ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಬರೆಯುತ್ತಾನೆ. ಅಕ್ಬರನ ಕಾಲದ ಕಮ್ಮಾರರು ಕಬ್ಬಿಣದ ತಗಡನ್ನು ಓರೆಯಾಗಿ ಸುತ್ತಿ, ಅಂಚಿಗೆ ಅಂಚು ಜೋಡಿಸುವ ಬದಲು ಸುತ್ತಿನ ಮೇಲೆ ಸುತ್ತು ಕೂರುವಂತೆ ಕಾಯಿಸಿ ಬೆಸೆದರು. ಆಮೇಲೆ ಬಾಯಿಮಟ್ಟ ತುಂಬಿದರೂ ನಳಿಗೆ ಸಿಡಿಯಲಿಲ್ಲ. ಅಕ್ಬರನ ಅಚ್ಚುಮೆಚ್ಚಿನ ಕೋವಿಗೆ ‘ಸಂಗ್ರಾಮ್’ ಎಂಬ ಹೆಸರೇ ಇತ್ತು.

ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹೊಸೆದು, ಸುತ್ತಿ, ಬೆಸೆದ ನಳಿಗೆಯನ್ನು ಆಮ್ಲದಲ್ಲಿ ತೊಳೆದರೆ ಒಂದು ಲೋಹ ಕಪ್ಪಾಗುತ್ತದೆ, ಇನ್ನೊಂದು ಬೆಳ್ಳಗೆ ಉಳಿಯುತ್ತದೆ. ಆಗ ಮೈತುಂಬ ನೀರಿನ ಸುಳಿಗಳಂಥ ಗೆರೆಗಳು ಏಳುತ್ತವೆ. ಆ ಚಿತ್ತಾರವನ್ನು ಯಾರೂ ಮೇಲಿನಿಂದ ಬರೆದದ್ದಲ್ಲ. ಗಟ್ಟಿತನಕ್ಕೆಂದು ಮಾಡಿದ ಕೆಲಸವೇ ಕಣ್ಣಿಗೆ ಕಾಣಿಸಿಕೊಂಡದ್ದು. ನನ್ನ ಮಟ್ಟಿಗೆ ಬೇಟೆಕೋವಿಯ ಅತ್ಯುತ್ತಮ ಅಲಂಕಾರ ಇದೇ, ಚಿನ್ನ ಆಮೇಲಿನದು.

ಚಿನ್ನದ ಕೆಲಸಕ್ಕೆ ಕೋಫ್ತ್‌ಗರಿ ಎನ್ನುತ್ತಾರೆ. ಉಕ್ಕಿನ ಮೈಯನ್ನು ಸಣ್ಣ ಉಳಿಯಿಂದ ಅಡ್ಡಡ್ಡ, ಉದ್ದುದ್ದ ಗೀರಿ ತರಿಯಾಗಿಸಿ, ಕೂದಲಿನಷ್ಟು ತೆಳುವಾದ ಚಿನ್ನದ ತಂತಿಯನ್ನು ಅದರ ಮೇಲಿಟ್ಟು ಬಡಿಯಬೇಕು. ಮತ್ತೆ ಕಾಯಿಸಿ ನಯವಾದ ಹಕೀಕು ಕಲ್ಲಿನಿಂದ ಉಜ್ಜಬೇಕು. ಅಂಟಿಲ್ಲ, ಬೆಸುಗೆಯಿಲ್ಲ, ಆ ಗೀರುಗಳೇ ಚಿನ್ನವನ್ನು ಕಚ್ಚಿ ಹಿಡಿಯುತ್ತವೆ. ನಮ್ಮ ಬೀದರಿನ ಬಿದರಿ ಕೆಲಸ ಬಲ್ಲವರಿಗೆ ಇದರ ಕಷ್ಟ ಬೇಗ ಅರ್ಥವಾದೀತು. ಆದರೆ ಬಿದರಿಯಲ್ಲಿ ಸತುವು, ತಾಮ್ರ ಬೆರೆತ ಎರಕದಲ್ಲಿ ಕುಳಿ ತೋಡಿ ಬೆಳ್ಳಿ ಕೂರಿಸುತ್ತಾರೆ. ಉಕ್ಕು ಅಷ್ಟು ಸುಲಭಕ್ಕೆ ಬಗ್ಗುವ ಲೋಹವಲ್ಲ.

ಮದ್ದು ತುಂಬಿಡುವ ಪುಟ್ಟ ಬುರುಡೆಗಳನ್ನಂತೂ ಮರೆಯುವ ಹಾಗಿಲ್ಲ. ಮೊಗಲರ ಕಾಲದ ದಂತದ ಬುರುಡೆಗಳಲ್ಲಿ ಜಿಂಕೆಯ ಮೈಯಿಂದ ಮತ್ತೊಂದು ಪ್ರಾಣಿ, ಅದರ ಬಾಯಿಂದ ಇನ್ನೊಂದು ಹೊರಡುತ್ತವೆ.

ಕೊಲ್ಲುವ ವಸ್ತುವನ್ನು ಹೊಗಳುವುದೇ ಎಂದು ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು ಒಳ್ಳೆಯದೇ ಆಯಿತು. ನಾನು ಮೆಚ್ಚುವುದು ಹುಲಿ ಹೊಡೆದ ರಾಜನನ್ನಲ್ಲ, ತಿಂಗಳುಗಟ್ಟಲೆ ಕಣ್ಣು ಸುಟ್ಟುಕೊಂಡ ಕುಶಲಕರ್ಮಿಯನ್ನು. ಅಬುಲ್ ಫಜಲ್ ಹೇಳುವಂತೆ, ಕೋವಿಯ ಮೇಲೆ ತೂಕ, ಕಬ್ಬಿಣ ಬಂದ ಊರು, ತಯಾರಾದ ಸ್ಥಳ, ವರ್ಷ ಇವುಗಳೊಂದಿಗೆ ಮಾಡಿದವನ ಹೆಸರನ್ನೂ ಕೆತ್ತುತ್ತಿದ್ದರು.

ನಮ್ಮ ಶ್ರೀರಂಗಪಟ್ಟಣದಲ್ಲೂ ಹಾಗೆಯೇ. ಟಿಪ್ಪುವಿನ ಕಾರ್ಖಾನೆಯ ಕೋವಿಗಳಲ್ಲಿ ಚಕಮಕಿ ಕಲ್ಲು ಹಿಡಿಯುವ ಕೊಕ್ಕೆಗೆ ಹುಲಿಯ ರೂಪ, ಲೋಹದ ಮೇಲೆ ಹುಲಿಯ ಪಟ್ಟೆ. ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿಯ ಹೆಸರಿರುವ ಕೋವಿ ಇಂದಿಗೂ ಉಳಿದಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಥ ಎಷ್ಟೋ ಕೋವಿಗಳು ಲೂಟಿಯ ಪಾಲಾಗಿ ಇಂಗ್ಲೆಂಡಿಗೆ ಹೋದವು. ಶಾಲೆಯಲ್ಲಿ ನಾವು ಮೈಸೂರು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದೆವು. ಆ ಮನುಷ್ಯನ ಹೆಸರು ಯಾವ ಪಾಠದಲ್ಲೂ ಬರಲಿಲ್ಲ. ಅವನ ಕೈಕೆಲಸ ಎರವಲಾಗಿಯಾದರೂ ಒಮ್ಮೆ ಮೈಸೂರಿಗೆ ಬರಲಿ, ಫಲಕದಲ್ಲಿ ಸುಲ್ತಾನನ ಹೆಸರಿನ ಪಕ್ಕ ಅವನ ಹೆಸರೂ ಇರಲಿ ಎಂಬುದು ನನ್ನ ಆಸೆ.

ನಮಸ್ಕಾರ.