ಚಿತ್ತೆಯಿಂದ ಒಂದು ಗೇಣು ಕೆಳಗೆ

ಕೇಳುಗರಿಗೆ ನಮಸ್ಕಾರ.

ಆಕಾಶದ ವಿಷಯದಲ್ಲಿ ಕೋಲಾರದವರು ಪ್ಯಾರಿಸ್‌ನವರಿಗಿಂತ ಪುಣ್ಯವಂತರು ಅಂದರೆ ನಗಬೇಡಿ. ಎಂ 83 ಎಂಬ ಗ್ಯಾಲಕ್ಸಿಯ ಮಟ್ಟಿಗಂತೂ ಇದು ನಿಜ. 1781ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿದ ಖಗೋಳಜ್ಞ ಚಾರ್ಲ್ಸ್ ಮೆಸ್ಸಿಯೇ ಪ್ಯಾರಿಸ್‌ನಲ್ಲಿದ್ದ. ಅಲ್ಲಿ ಅದು ದಿಗಂತದಿಂದ ಸುಮಾರು 11 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ನಮ್ಮಲ್ಲಿ 47 ಡಿಗ್ರಿ ಏರುತ್ತದೆ.

ಸುರುಳಿ ಗ್ಯಾಲಕ್ಸಿಯೇ, ಆದರೆ ನಡುವೆ ನಕ್ಷತ್ರಗಳದೇ ಒಂದು ಅಡ್ಡಪಟ್ಟಿ. ತೋಳುಗಳು ಹೊರಡುವುದು ಆ ಪಟ್ಟಿಯ ಎರಡು ತುದಿಗಳಿಂದ. ಪಟ್ಟಿಯ ಗುರುತ್ವಕ್ಕೆ ಸಿಕ್ಕ ಅನಿಲ ಕೇಂದ್ರದ ಕಡೆ ಜಾರುತ್ತದೆ, ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಇದೆಲ್ಲ ಒಂದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಮಾತು.

ನೋಡುವುದು ಏಪ್ರಿಲ್, ಮೇ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ. ಬೆಂಗಳೂರಿನ ಬೆಳಕು ನಮಗೆ ಪಶ್ಚಿಮಕ್ಕೆ, ದಕ್ಷಿಣದ ಆಕಾಶ ಇನ್ನೂ ಅಷ್ಟು ಕೆಟ್ಟಿಲ್ಲ. ಶ್ರೀನಿವಾಸಪುರದ ಕಡೆ ಬಯಲು ಸಿಕ್ಕರೆ ಒಳ್ಳೆಯದು. ಮಾವಿನ ತೋಪಿನ ಕಾವಲಿನವರಿಗೆ ಮಾತ್ರ ಮೊದಲೇ ಹೇಳಿಡಿ. ಕಾಯಿ ಬಲಿತ ಕಾಲದಲ್ಲಿ ನಡುರಾತ್ರಿ ಓಡಾಡುವವರನ್ನು ಅವರು ಖಗೋಳಾಸಕ್ತರು ಅಂದುಕೊಳ್ಳುವುದಿಲ್ಲ.

ಚಿತ್ತಾ ನಕ್ಷತ್ರ ಹಿಡಿಯಿರಿ. ಕೈ ಚಾಚಿ ಅಲ್ಲಿಂದ ದಕ್ಷಿಣಕ್ಕೆ ಒಂದು ಗೇಣು ಅಳೆಯಿರಿ. ಎಂಟು ಇಂಚು ಅಗಲದ ಕನ್ನಡಿಯ ಟೆಲಿಸ್ಕೋಪಿನಲ್ಲಿ ಮೊದಲು ಕಾಣುವುದು ವಿಭೂತಿ ಒರೆಸಿದಂಥ ಮಸುಕು, ಅಷ್ಟೇ. ಫೋಟೋಗಳ ಕೆಂಪು, ನೀಲಿ ಮರೆತುಬಿಡಿ. ಮೊಬೈಲ್ ಒಳಗಿಟ್ಟು ಅರ್ಧ ಗಂಟೆ ಕತ್ತಲಿಗೆ ಕಣ್ಣು ಪಳಗಿಸಿ. ಆಮೇಲೆ ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಮಸುಕು ಅಲುಗಿದಾಗ ಕಣ್ಣಂಚಿಗೆ ಅದು ಬೇಗ ಸಿಗುತ್ತದೆ. ನಡುವಿನ ಬೆಳಕು ದುಂಡಗಿಲ್ಲ, ಈಶಾನ್ಯದಿಂದ ನೈಋತ್ಯಕ್ಕೆ ಎಳೆದಂತಿದೆ ಅನ್ನಿಸಿತೇ? ಅದೇ ಪಟ್ಟಿ.

ನಮ್ಮ ಆಕಾಶಗಂಗೆಗೂ ಇಂಥ ಪಟ್ಟಿ ಇದೆ. ಅದೇ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಆಗ್ನೇಯದ ಧನು ರಾಶಿಯತ್ತ ತಿರುಗಿದರೆ ನೋಡುತ್ತಿರುವುದು ಅದರ ಕಡೆಗೇ. ಆದರೆ ಧೂಳು ಅಡ್ಡ. 2005ರಲ್ಲಿ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ಅವಕೆಂಪು (ಧೂಳನ್ನು ತೂರಿ ಬರುವ, ಕಣ್ಣಿಗೆ ಕಾಣದ ಬೆಳಕಿನ) ನೋಟದಿಂದ ಅದರ ಉದ್ದ ಸುಮಾರು 27,000 ಜ್ಯೋತಿರ್ವರ್ಷ ಎಂದು ಲೆಕ್ಕ ಹಾಕಿದರು. ನಮ್ಮ ಕನ್ನಡಿಗಳಿಗೆ ಅದು ದಕ್ಕುವುದಿಲ್ಲ.

ಎಂ 83ರ ಪಟ್ಟಿ ಗಿಡ್ಡ. ಉದ್ದನೆಯದೇ ಬೇಕೆಂದರೆ ಸಂಕ್ರಾಂತಿಯವರೆಗೆ ಕಾಯಬೇಕು. ಆಗ ರಾತ್ರಿ 8 ಗಂಟೆ ಸುಮಾರಿಗೆ ಎನ್‌ಜಿಸಿ 1365 ಎಂಬ ಗ್ಯಾಲಕ್ಸಿ ನೇರ ದಕ್ಷಿಣದಲ್ಲಿ 41 ಡಿಗ್ರಿ ಎತ್ತರಕ್ಕೆ ಬರುತ್ತದೆ. ದೂರ ನಾಲ್ಕು ಪಟ್ಟು, ಬೆಳಕೂ ಕಡಿಮೆ. ಹತ್ತು ಇಂಚಿನ ಟೆಲಿಸ್ಕೋಪ್ ಇರುವ ಸ್ನೇಹಿತರನ್ನು ಈಗಿನಿಂದಲೇ ಒಲಿಸಿಕೊಳ್ಳಿ. ನಮಸ್ಕಾರ.