ಒಬ್ಬನೆದುರು ನಾಲ್ವರು: ಹಾರರ್ ಗೇಮಿನಲ್ಲಿ ಬಲಾಬಲದ ಲೆಕ್ಕ

[ಪರದೆಯಲ್ಲಿ: ಮಳೆಗಾಲದ ಮಡಿಕೇರಿ, ಮಂಜು ಕವಿದ ಕಾಫಿ ತೋಟ]

ವೀಕ್ಷಕರಿಗೆ ನಮಸ್ಕಾರ. ಒಬ್ಬ ಕಿಲ್ಲರ್ ಬೆನ್ನಟ್ಟಿ, ನಾಲ್ವರು ಸರ್ವೈವರ್‌ಗಳು ತಪ್ಪಿಸಿಕೊಳ್ಳುವ ಆಟದಲ್ಲಿ ಎಲ್ಲರಿಗೂ ಸಮಬಲ ಕೊಟ್ಟರೆ ಭಯವೇ ಉಳಿಯುವುದಿಲ್ಲ. ಕಿಲ್ಲರ್ ಎಷ್ಟು ಬಲಶಾಲಿಯಾಗಿರಬೇಕು ಎಂಬುದನ್ನು ಹೊಡೆತದ ಜೋರಿನಿಂದಲ್ಲ, ಸೆಕೆಂಡುಗಳಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

[ಪರದೆಯಲ್ಲಿ: ಐದು ಜನರೇಟರ್, ಪಕ್ಕದಲ್ಲಿ ಗಡಿಯಾರ]

2016ರಲ್ಲಿ ಬಂದ ‘ಡೆಡ್ ಬೈ ಡೇಲೈಟ್’ ಆಟವನ್ನೇ ನೋಡೋಣ. ಅಲ್ಲಿ ಹೊರಬಾಗಿಲಿಗೆ ವಿದ್ಯುತ್ ಬರಬೇಕಾದರೆ ಐದು ಜನರೇಟರ್‌ಗಳನ್ನು ರಿಪೇರಿ ಮಾಡಬೇಕು. ಒಬ್ಬರೇ ಒಂದನ್ನು ಮುಗಿಸಲು ಬೇಕಾಗುತ್ತಿದ್ದ 80 ಸೆಕೆಂಡುಗಳನ್ನು 2022ರ ಜುಲೈನಲ್ಲಿ 90ಕ್ಕೆ ಏರಿಸಲಾಯಿತು. ಒಟ್ಟು 450 ಸೆಕೆಂಡಿನ ಕೆಲಸ. ಒಬ್ಬನನ್ನು ಕಿಲ್ಲರ್ ಅಟ್ಟಿಸಿಕೊಂಡು ಹೋಗಿರುವಾಗ ಉಳಿದ ಮೂವರು ಬಿಡುವಿಲ್ಲದೆ ದುಡಿದರೆ, ಓಡಾಟದ ಹೊತ್ತನ್ನು ಬದಿಗಿಟ್ಟು ಹೇಳುವುದಾದರೆ, 150 ಸೆಕೆಂಡುಗಳಲ್ಲಿ ಅದು ಮುಗಿಯುತ್ತದೆ. ಸರ್ವೈವರ್‌ಗಳು ಸೆಕೆಂಡಿಗೆ 4 ಮೀಟರ್ ಓಡುತ್ತಾರೆ, ಹೆಚ್ಚಿನ ಕಿಲ್ಲರ್‌ಗಳು 4.6 ಮೀಟರ್, ಆದ್ದರಿಂದ 12 ಮೀಟರ್ ಮುಂದಿರುವವನನ್ನು ಬಯಲಿನಲ್ಲಿ ಹಿಡಿಯಲು ಸಹ 20 ಸೆಕೆಂಡು ಬೇಕು. ಈಗ ರಿಪೇರಿಯ ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸುವ ಒಂದು ಶಕ್ತಿಯನ್ನು ಮೂವರಿಗೂ ಕೊಟ್ಟರೆ, ಕಿಲ್ಲರ್‌ಗೆ ಸುಮಾರು 14 ಸೆಕೆಂಡು ನಷ್ಟವಾಗುತ್ತದೆ. ಕಾಗದದ ಮೇಲೆ ಅಲ್ಪವೆನಿಸುವ ಈ ಶಕ್ತಿ ಒಂದು ಬೆನ್ನಟ್ಟುವಿಕೆಯ ಬಹುಪಾಲನ್ನೇ ನುಂಗಿಬಿಡುತ್ತದೆ.

ಸರಾಸರಿ ಗೆಲುವನ್ನು ಮಾತ್ರ ನೋಡಿ ಶಕ್ತಿಯನ್ನು ಕಡಿಮೆ ಮಾಡುವುದೂ ಅಪಾಯವೇ. ಗೋಡೆಗಳನ್ನು ದಾಟಿ ಚಿಮ್ಮುವ ‘ನರ್ಸ್’ ಎಂಬ ಕಿಲ್ಲರ್ ಹೊಸಬರ ಕೈಯಲ್ಲಿ ತಡವರಿಸುತ್ತಾಳೆ, ಪಳಗಿದವರ ಕೈಯಲ್ಲಿ ತಡೆಯಲಾಗದವಳಾಗುತ್ತಾಳೆ; ಈ ಇಬ್ಬರ ಸರಾಸರಿ ತೆಗೆದರೆ ಸಿಗುವ ಅಂಕಿ ಇಬ್ಬರ ಅನುಭವಕ್ಕೂ ಹೊಂದುವುದಿಲ್ಲ.

[ಪರದೆಯಲ್ಲಿ: ಇಳಿಜಾರಿನಲ್ಲಿ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ]

ಇನ್ನು ಜಾಗದ ವಿಷಯ. ನಮ್ಮ ಕೊಡಗಿನ ನೆಲವನ್ನೇ ಒಂದು ಮ್ಯಾಪ್ ಮಾಡಿದೆವೆಂದು ಊಹಿಸಿಕೊಳ್ಳಿ: ಮೇಲೆ ಸಿಲ್ವರ್ ಓಕ್ ನೆರಳಿನ ದಟ್ಟ ರೊಬಸ್ಟಾ, ಕೆಳಗೆ ಮರೆಯೇ ಇಲ್ಲದ ಗದ್ದೆ. ದೂರದಿಂದ ಕೊಡಲಿ ಎಸೆಯುವ ‘ಹಂಟ್ರೆಸ್’ ಎಂಬ ಕಿಲ್ಲರ್ ಗದ್ದೆಯ ಬದುವಿನ ಮೇಲೆ ನಿಂತರೆ ಯಾರಿಗೂ ಉಳಿಗಾಲವಿಲ್ಲ, ತೋಟದೊಳಗೆ ಅವಳ ಕೊಡಲಿ ಗಿಡಕ್ಕೇ ಬಡಿಯುತ್ತದೆ. ಅದಲ್ಲದೆ, ಕಿಲ್ಲರ್ ತನ್ನ ಕಣ್ಣಿನ ಮಟ್ಟದಿಂದಷ್ಟೇ ನೋಡಬಲ್ಲ. ಸರ್ವೈವರ್‌ನ ಕ್ಯಾಮೆರಾ ಬೆನ್ನ ಹಿಂದಿರುವುದರಿಂದ ಅವನು ಗಿಡದ ಮರೆಯಲ್ಲಿ ಕುಳಿತೇ ಆಚೆ ಇಣುಕಬಲ್ಲ. ಈ ನೋಟವೂ ಒಂದು ಶಕ್ತಿಯೇ.

ಮಾತುಕತೆಯೂ ಅಂಥದ್ದೇ. ವಿರಾಜಪೇಟೆ, ಕುಶಾಲನಗರಗಳಲ್ಲಿ ಕುಳಿತ ನಾಲ್ವರು ಗೆಳೆಯರು ಕಾಲ್‌ನಲ್ಲಿ ಮಾತಾಡುತ್ತ ಆಡಿದರೆ, ಕಿಲ್ಲರ್ ಎಲ್ಲಿದ್ದಾನೆಂದು ತೋರಿಸುವ ಪರ್ಕ್‌ನ (ಆಟಗಾರರು ಆರಿಸಿಕೊಳ್ಳುವ ವಿಶೇಷ ಶಕ್ತಿಯ) ಅರ್ಧ ಕೆಲಸ ಬಿಟ್ಟಿಯಾಗಿ ಆಗಿಹೋಗುತ್ತದೆ. ಅಪರಿಚಿತರ ಜೊತೆ ಆಡುವವರಿಗೆ ಅದೇ ಪರ್ಕ್ ಪ್ರಾಣವಾಯು. (ಮಳೆಗಾಲದಲ್ಲಿ ಕರೆಂಟು ಹೋದರೆ ಆ ನಾಲ್ವರು ಮೂವರಾಗುತ್ತಾರೆ ಎಂಬುದು ಬೇರೆ ಮಾತು!) ಹಾಗಾಗಿ ಇಂಥ ಮಾಹಿತಿಯನ್ನು ಪರ್ಕ್ ಆಗಿ ಇಡುವುದಕ್ಕಿಂತ, ಒಂಟಿಯಾಗಿ ಆಡುವವರ ಪರದೆಯಲ್ಲಿ ಮೊದಲಿನಿಂದಲೇ ತೋರಿಸುವುದು ಮೇಲು.

ನಮ್ಮ ಊಹೆಯ ಮ್ಯಾಪಿನಲ್ಲಿ ಹಂಟ್ರೆಸ್ ಅತಿಯಾಗಿ ಗೆಲ್ಲುತ್ತಿದ್ದರೆ ನಾನಂತೂ ಅವಳ ಕೊಡಲಿಯನ್ನು ಮುಟ್ಟುವುದಿಲ್ಲ. ಗದ್ದೆಯ ನಡುವೆ ಎರಡು ಹುಲ್ಲಿನ ಮೆದೆ ಇಟ್ಟು, ಅಲ್ಲಿದ್ದ ಒಂದು ಜನರೇಟರನ್ನು ತೋಟದ ಅಂಚಿಗೆ ಸರಿಸಿ, ಮತ್ತೆ ಆಡಿಸಿ ನೋಡುತ್ತೇನೆ.