ಎಂಜಿನ್ ಲೈಟ್ ಹೊತ್ತಿದರೆ ಮೊದಲು ಕೋಡ್ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಮಳೆಗಾಲ ಶುರುವಾದರೆ ಸಾಕು, ನಮ್ಮ ಮಂಗಳೂರು, ಉಡುಪಿ ಕಡೆಯ ಗ್ಯಾರೇಜುಗಳಲ್ಲಿ ಒಂದು ದೂರು ಜಾಸ್ತಿ ಕೇಳಿಬರುತ್ತದೆ. "ಕಾರು ಚೆನ್ನಾಗಿಯೇ ಓಡ್ತಾ ಉಂಟು, ಆದರೆ ಮೀಟರಿನಲ್ಲಿ ಆ ಹಳದಿ ಎಂಜಿನ್ ಲೈಟ್ ಹೋಗ್ತಾನೇ ಇಲ್ಲ ಮಾರಾಯ್ರೆ." ಕಾರಿನವರಿಗೆ ಹೆದರಿಕೆ. ಶೋರೂಮಿಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಒಂದು ಎಸ್ಟಿಮೇಟ್ ಕೈಗೆ ಬರುತ್ತದೆ. ಸೆನ್ಸರ್ ಹಾಕಬೇಕು, ವೈರಿಂಗ್ ಹಾಕಬೇಕು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಬೇಕು, ಇಷ್ಟು ಸಾವಿರ ಆಗುತ್ತದೆ ಎಂದು. ಹೆದರಿದವರು ಅಲ್ಲೇ ಸಹಿ ಹಾಕಿಬಿಡುತ್ತಾರೆ. ಆ ಸಹಿಗೆ ಮೊದಲು ಕಾರಿನ ಮಾಲೀಕರೇ ಏನೇನು ನೋಡಿಕೊಳ್ಳಬಹುದು ಎನ್ನುವುದನ್ನು ಇವತ್ತು ಹೇಳುತ್ತೇನೆ.

ಮೊದಲು ಬಣ್ಣ ನೋಡಿ. ಕೆಂಪು ಬಂದರೆ ಹುಡುಕಾಟ ಎಲ್ಲ ಆಮೇಲೆ, ಮೊದಲು ಗಾಡಿ ನಿಲ್ಲಿಸಿ. ಎಣ್ಣೆ ಕ್ಯಾನಿನ ಕೆಂಪು ಚಿತ್ರ ಹೊತ್ತಿತು ಅಂದರೆ ಎಂಜಿನ್ನಿನ ಒಳಗೆ ಆಯಿಲ್ ಒತ್ತಡ ಬಿದ್ದಿದೆ, ಬೇರಿಂಗುಗಳಿಗೆ ಎಣ್ಣೆ ಸರಿಯಾಗಿ ಹೋಗುತ್ತಿಲ್ಲ. ಹೇಗೂ ಸುರತ್ಕಲ್ ಬಂತಲ್ಲ, ಅಲ್ಲಿವರೆಗೆ ಹೋಗೋಣ ಎಂದು ಓಡಿಸಿದರೆ ಎಂಜಿನ್ನೇ ಹೋಗಬಹುದು. ಟೆಂಪರೇಚರಿನ ಕೆಂಪು ಚಿತ್ರವೂ ಹಾಗೆಯೇ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಹತ್ತುವಾಗ ಅದು ಬಂದರೆ ಜಾಗ ನೋಡಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ತಣಿಯಲು ಬಿಡಿ. ಬಿಸಿ ಇರುವಾಗ ಕೂಲೆಂಟಿನ ಮುಚ್ಚಳ ತೆರೆಯಲೇಬೇಡಿ. ಒಳಗೆ ಒತ್ತಡ ಇರುತ್ತದೆ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಮತ್ತೆ ಪಡೀಲಿನಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ಮಳೆನೀರಿಗೆ ಇಳಿದು ಕಾರು ಬಂದ್ ಬಿದ್ದರೆ, ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಒಂದೇ ಸಲ ಸೆಲ್ಫ್ ಹೊಡೆದರೂ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಗ್ಗಬಹುದು. ತಳ್ಳಿಸಿ ದಡಕ್ಕೆ ತನ್ನಿ, ಟೋ ಮಾಡಿಸಿ.

ಇನ್ನು ಹಳದಿ ಎಂಜಿನ್ ಲೈಟ್. ಇದರಲ್ಲೂ ಎರಡು ಬಗೆ ಉಂಟು. ಸುಮ್ನೆ ಒಂದೇ ಸಮ ಉರಿಯುತ್ತಿದ್ದರೆ, ಕಾರಿನ ಓಟದಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೆ, ನಿಧಾನವಾಗಿ ಮನೆಗೆ ಹೋಗಬಹುದು, ನಾಳೆ ನೋಡಬಹುದು. ಆದರೆ ಅದು ಮಿನುಗುತ್ತಾ ಇದ್ದರೆ, ಎಂಜಿನ್ ಕೂಡ ನಡುಗುತ್ತಿದ್ದರೆ, ಯಾವುದೋ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹಾಗೆಯೇ ಸೈಲೆನ್ಸರ್ ದಾರಿಗೆ ಹೋಗಿ, ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿಯುತ್ತದೆ. ಕನ್ವರ್ಟರಿನ ಜಾಲರಿ ಆ ಶಾಖಕ್ಕೆ ಕರಗಿಹೋಗುತ್ತದೆ. ಒಂದು ಸ್ಪಾರ್ಕ್ ಪ್ಲಗ್ಗಿನಲ್ಲಿ ಮುಗಿಯುವ ಕೆಲಸ ಹೀಗೆ ದೊಡ್ಡ ಬಿಲ್ಲಾಗುತ್ತದೆ.

ಹಳದಿ ಲೈಟ್ ಹೊತ್ತುವಾಗ ಕಾರಿನ ಕಂಪ್ಯೂಟರ್ ಒಂದು ಕೋಡನ್ನು ಬರೆದಿಟ್ಟುಕೊಳ್ಳುತ್ತದೆ. ಜೊತೆಗೆ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಕಾರು ಎಷ್ಟು ವೇಗದಲ್ಲಿತ್ತು ಎಂಬ ಲೆಕ್ಕವನ್ನೂ ಇಡುತ್ತದೆ. 2013ರ ಏಪ್ರಿಲ್ ನಂತರ ನಮ್ಮ ದೇಶದಲ್ಲಿ ತಯಾರಾದ ಕಾರುಗಳಲ್ಲಿ ಈ ವ್ಯವಸ್ಥೆ ಕಡ್ಡಾಯ. ಇದಕ್ಕೆ ಒಬಿಡಿ 2 ಎನ್ನುತ್ತಾರೆ. ಸ್ಟೇರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ ಬಗ್ಗಿ ನೋಡಿದರೆ 16 ಪಿನ್ನಿನ ಒಂದು ಸಾಕೆಟ್ ಕಾಣುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರೆ ಕೋಡ್ ಕಾಣುತ್ತದೆ. ಇಂಥ ಸ್ಕ್ಯಾನರಿಗೆ ಸಾಮಾನ್ಯವಾಗಿ ಎಬಿಎಸ್ (ಬ್ರೇಕಿನ ವ್ಯವಸ್ಥೆ), ಏರ್‌ಬ್ಯಾಗ್ ಕೋಡುಗಳು ಸಿಗುವುದಿಲ್ಲ. ಎಂಜಿನ್ನಿನ ಮಟ್ಟಿಗೆ ಸಾಕು. ಕೋಡ್ ಸಿಕ್ಕಿದ ಕೂಡಲೇ ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ. ಅಳಿಸುವ ಬಟನ್ ಒತ್ತಬೇಡಿ. ಅಳಿಸಿದರೆ ಆ ಲೆಕ್ಕವೆಲ್ಲ ಹೋಗುತ್ತದೆ, ಹುಡುಕುವವರಿಗೆ ದಾರಿಯೇ ಸಿಗುವುದಿಲ್ಲ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಅಷ್ಟೇ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದುಂಟು. ಕೋಡಿನಲ್ಲಿ ಇಂಥ ಪಾರ್ಟ್ ಬದಲಿಸಿ ಎಂದು ಇರುವುದಿಲ್ಲ. ಯಾವ ಅಳತೆ ಲೆಕ್ಕ ತಪ್ಪಿತು ಎಂದಷ್ಟೇ ಇರುತ್ತದೆ. ಆ ಅಳತೆ ಯಾಕೆ ತಪ್ಪಿತು ಎನ್ನುವುದನ್ನು ಮನುಷ್ಯನೇ ಪರೀಕ್ಷೆ ಮಾಡಿ ಹುಡುಕಬೇಕು. ಕೋಡ್ ನೋಡಿದ ತಕ್ಷಣ ಅದರಲ್ಲಿ ಹೆಸರಿರುವ ಸೆನ್ಸರ್ ಬದಲಿಸುವುದು ಊಹೆ. ಊಹೆ ತಪ್ಪಿದರೆ ಹೋಗುವುದು ನಮ್ಮ ದುಡ್ಡು.

ಒಂದು ಉದಾಹರಣೆ ಹೇಳುತ್ತೇನೆ. ಪೆಟ್ರೋಲ್ ಕಾರು, ಎಂಜಿನ್ ನಡುಗುತ್ತದೆ, ಕೋಡ್ ಪಿ 0302. ಕೊನೆಯ ಅಂಕೆ ಸಿಲಿಂಡರಿನ ನಂಬರ್. ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಹೋಗಿರಬಹುದು, ಪ್ಲಗ್ ಹೋಗಿರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರಬಹುದು, ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಶನ್ ಕೂಡ ಇರಬಹುದು. ಈಗಿನ ಹೆಚ್ಚಿನ ಕಾರುಗಳಲ್ಲಿ ಒಂದೊಂದು ಪ್ಲಗ್ಗಿನ ಮೇಲೆ ಒಂದೊಂದು ಕಾಯಿಲ್ ಇರುತ್ತದೆ. ಎಂಜಿನ್ ತಣಿದ ಮೇಲೆ ಎರಡನೆಯದರ ಬೋಲ್ಟ್ ಬಿಚ್ಚಿ, ಕನೆಕ್ಟರಿನ ಲಾಕ್ ಮೆಲ್ಲಗೆ ಒತ್ತಿ ತೆಗೆದು, ಕಾಯಿಲನ್ನು ಮೇಲಕ್ಕೆ ಎಳೆಯಿರಿ. ಅದನ್ನು ಮೂರನೆಯ ಜಾಗಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ ಹಾಕಿ. ಫೋಟೋ ತೆಗೆದಿಟ್ಟ ಕೋಡನ್ನು ಈಗ ಅಳಿಸಿ ಸ್ವಲ್ಪ ಓಡಿಸಿ ನೋಡಿ. ಹೊಸದಾಗಿ ಪಿ 0303 ಬಂದರೆ ತೊಂದರೆ ಕಾಯಿಲ್ ಜೊತೆಗೇ ಹೋಯಿತು, ಕಾಯಿಲೇ ಹಾಳು. ಮತ್ತೆ ಪಿ 0302 ಬಂದರೆ ಕಾಯಿಲ್ ಸರಿ ಇದೆ, ಪ್ಲಗ್ಗನ್ನು ಇದೇ ರೀತಿ ಅದಲುಬದಲು ಮಾಡಿ ನೋಡಿ. ಒಂದು ರೂಪಾಯಿಯ ಸಾಮಾನು ಬೇಡ. ಕೈ ಹಾಕಲು ಧೈರ್ಯ ಇಲ್ಲದಿದ್ದರೆ ಊರಿನ ಮೆಕ್ಯಾನಿಕ್ ಹತ್ತಿರ ಮಾಡಿಸಿ, ಅವರ ಸಮಯಕ್ಕೆ ದುಡ್ಡು ಕೊಡಿ.

ಕಾಯಿಲ್ ತೆಗೆದಾಗ ಪ್ಲಗ್ ಕೂರುವ ಗುಂಡಿಯೊಳಗೆ ಟಾರ್ಚ್ ಹಾಕಿ ನೋಡಲು ಮರೆಯಬೇಡಿ. ಕೆಸರಾಯಿತೆಂದು ಬಾನೆಟ್ ತೆರೆದು ಪ್ರೆಶರ್ ಜೆಟ್ ಹೊಡೆಸಿದ ಮರುದಿನ ಎಂಜಿನ್ ನಡುಗಲು ಶುರುವಾಯಿತೆಂದರೆ, ಆ ಗುಂಡಿಯಲ್ಲಿ ನೀರು ನಿಂತಿರುವ ಸಾಧ್ಯತೆ ಜಾಸ್ತಿ. ಏರ್ ಹೊಡೆದು ಒಣಗಿಸಿದರೆ ಎಷ್ಟೋ ಸಲ ಅಲ್ಲಿಗೇ ಸರಿಯಾಗುತ್ತದೆ.

ನಮ್ಮ ಕರಾವಳಿಯ ಕಾರಿಗೆ ಇನ್ನೆರಡು ಶತ್ರುಗಳು. ಒಂದು ಉಪ್ಪುಗಾಳಿ, ಇನ್ನೊಂದು ಇಲಿ.

ಮಲ್ಪೆಯಲ್ಲೋ ಉಳ್ಳಾಲದಲ್ಲೋ ಸಮುದ್ರದ ಹತ್ತಿರ ಮನೆ ಇದ್ದವರಿಗೆ ಗೊತ್ತು, ಅಲ್ಲಿ ಗೇಟಿನ ಬಿಜಾಗರಿಯೂ ಉಳಿಯುವುದಿಲ್ಲ. ಸೆನ್ಸರಿನ ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಕಿಲುಬು ಕೂತರೆ ಸಿಗ್ನಲ್ ಸರಿಯಾಗಿ ಹೋಗುವುದಿಲ್ಲ, ಸೆನ್ಸರ್ ಕೆಟ್ಟಿದೆ ಎಂದು ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿಸಿ, ಮತ್ತೆ ಹಾಕಿ ನೋಡಬೇಕು. ಸೈಲೆನ್ಸರ್ ಪೈಪಿನ ತುಕ್ಕು ಕೂಡ ಇದೇ ಆಟ ಆಡುತ್ತದೆ. ಪಿ 0420 ಎಂಬ ಕೋಡ್ ಬಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಓದುತ್ತಾರೆ, ಅದನ್ನೇ ಬದಲಿಸಿ ಎನ್ನುತ್ತಾರೆ. ಆದರೆ ಕಂಪ್ಯೂಟರ್ ಇದನ್ನು ತಿಳಿಯುವುದು ಕನ್ವರ್ಟರಿನ ಹಿಂದಿರುವ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಮಾತಿನಿಂದ. ಅದರ ಹತ್ತಿರ ಪೈಪು ತುಕ್ಕು ಹಿಡಿದು ಸಣ್ಣ ತೂತಾಗಿದ್ದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಸೆನ್ಸರ್ ತಪ್ಪು ಹೇಳುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ ಪೈಪಿನ ಜಾಯಿಂಟುಗಳನ್ನು ಕಣ್ಣಾರೆ ನೋಡದೆ ಕನ್ವರ್ಟರಿಗೆ ಒಪ್ಪಿಗೆ ಕೊಡಬೇಡಿ.

ಇಲಿಯ ವಿಷಯಕ್ಕೆ ಬಂದರೆ, ಬ್ರಹ್ಮಾವರದ ಪರಿಚಯದವರೊಬ್ಬರ ಕಾರು ನೆನಪಾಗುತ್ತದೆ. ಗದ್ದೆಯ ಬದಿಯ ಮನೆ, ಕಾರು ನಿಲ್ಲುವುದು ಅಂಗಳದಲ್ಲಿ. ಮಳೆಗೆ ಬಿಲದಲ್ಲಿ ನೀರು ತುಂಬಿದರೆ ಇಲಿಗೆ ಬೆಚ್ಚಗಿನ ಎಂಜಿನ್ನೇ ಮನೆ. ಲೈಟ್ ಹೊತ್ತಿತು, ಆಕ್ಸಿಜನ್ ಸೆನ್ಸರ್ ಹೀಟರಿನ ಕೋಡ್ ಬಂತು, ಪಿ 0135. ಸರ್ವಿಸ್ ಸೆಂಟರಿನಲ್ಲಿ ಸೆನ್ಸರ್ ಬದಲಿಸಬೇಕು ಎಂದರು. ಬಾನೆಟ್ ತೆರೆದು ಆ ಸೆನ್ಸರಿನ ವೈರನ್ನು ಬೆರಳಿನಲ್ಲಿ ಹಿಡಿದುಕೊಂಡು ಹೋದರೆ, ಹೀಟ್ ಶೀಲ್ಡಿನ ಹಿಂದೆ ತೆಂಗಿನ ನಾರು, ಹರಿದ ಬಟ್ಟೆ, ಅದರ ನಡುವೆ ಕಡಿದ ಎರಡು ವೈರು. ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿ ಬಿಗಿಸಿದ ಮೇಲೆ ಲೈಟ್ ಮತ್ತೆ ಬರಲಿಲ್ಲ. ಹೊಸ ಸೆನ್ಸರ್ ಹಾಕಿದ್ದರೂ ಆ ಲೈಟ್ ಹೋಗುತ್ತಿರಲಿಲ್ಲ ಅಲ್ವಾ? ಒಂದು ಎಚ್ಚರಿಕೆ: ಹಳದಿ ಹೊದಿಕೆಯ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳಿಗೆ ಮಾತ್ರ ಕೈ ಹಾಕಬೇಡಿ.

ಡೀಸೆಲ್ ಕಾರಿನವರಿಗೆ ಬೇರೆ ಮಾತುಂಟು. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್. ಅದು ತುಂಬಿದಾಗ ಕಾರು ತಾನೇ ಹೊಗೆಯ ಬಿಸಿ ಏರಿಸಿ ಮಸಿಯನ್ನು ಸುಡುತ್ತದೆ. ಅದಕ್ಕೆ ಸ್ವಲ್ಪ ದೂರ ಒಂದೇ ಸಮ ಓಡಬೇಕು. ದಿನವೂ ಕದ್ರಿಯಿಂದ ಹಂಪನಕಟ್ಟೆಗೆ, ಹಂಪನಕಟ್ಟೆಯಿಂದ ಕದ್ರಿಗೆ ಅಂತ ಓಡಿದರೆ ಸುಡಲು ಸಮಯ ಎಲ್ಲಿ? ಡಿಪಿಎಫ್ ಲೈಟ್ ಬಂದ ಕೂಡಲೇ ಕಾರಿನ ಮ್ಯಾನುಯಲ್ ತೆರೆದು ಓದಿ. ಹೆಚ್ಚಿನದರಲ್ಲಿ ಇರುವುದು ಇಷ್ಟೇ: ಹೆದ್ದಾರಿಯಲ್ಲಿ ಅರವತ್ತಕ್ಕೆ ಮೇಲ್ಪಟ್ಟ ವೇಗದಲ್ಲಿ, ನಿಲ್ಲಿಸದೆ, 15-20 ನಿಮಿಷ ಓಡಿಸಿ. ಮೂಲ್ಕಿ ದಾಟಿ ಪಡುಬಿದ್ರಿ, ಕಾಪು ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋದರೆ ಕೆಲಸ ಆಗುತ್ತದೆ. ಲೈಟ್ ಆರುವ ತನಕ ಎಂಜಿನ್ ಆಫ್ ಮಾಡಬೇಡಿ. ಸುಡುವುದು ಪದೇ ಪದೇ ಅರ್ಧಕ್ಕೆ ನಿಂತರೆ, ಅದಕ್ಕೆಂದು ಹೆಚ್ಚಾಗಿ ಬಿಟ್ಟ ಡೀಸೆಲ್ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದ್ದು ಕಾಣುತ್ತದೆ. ಹಾಗೆ ಏರಿದ್ದರೆ ಆಯಿಲ್ ಬದಲಿಸಿ. ಲೈಟ್ ಬಂದರೂ ಅಸಡ್ಡೆ ಮಾಡಿ, ಕಾರು ಎಳೆಯದಂತಾದ ಮೇಲೆ ಹೆದ್ದಾರಿಗೆ ಹೋಗಿ ಪ್ರಯೋಜನ ಇಲ್ಲ. ಆಗ ವರ್ಕ್‌ಶಾಪಿನಲ್ಲಿ ಮಷೀನ್ ಹಾಕಿ ಸುಡಿಸಬೇಕು. ಹೊಸ ಫಿಲ್ಟರ್ ಹಾಕಬೇಕು ಎಂದರೆ, ಮೊದಲು ಸುಡಿಸಿ ನೋಡಿದಿರಾ ಎಂದು ಕೇಳಿ.

ಇಂಟರ್‌ನೆಟ್‌ನಲ್ಲಿ ಒಂದು ಸಲಹೆ ಎಲ್ಲ ಕಡೆ ಸಿಗುತ್ತದೆ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ, ಲೈಟ್ ಹೋಗುತ್ತದೆ ಎಂದು. ಇದು ಅಮೆರಿಕದ ಕಾರುಗಳ ಮಾತು. ಅಲ್ಲಿನ ನಿಯಮದಲ್ಲಿ ಟ್ಯಾಂಕಿನ ಆವಿ ಸೋರುತ್ತಿದೆಯಾ ಎಂದು ಕಾರೇ ಪರೀಕ್ಷೆ ಮಾಡಿಕೊಳ್ಳಬೇಕು. ನಮ್ಮ ನಿಯಮಗಳು ಯುರೋಪಿನ ದಾರಿ ಹಿಡಿದವು. ಇಲ್ಲಿನ ಹೆಚ್ಚಿನ ಕಾರುಗಳಲ್ಲಿ ಆ ಪರೀಕ್ಷೆ ಇಲ್ಲ. ಮುಚ್ಚಳ ಬಿಗಿ ಮಾಡಿ, ಒಳ್ಳೆಯದೇ. ಅದನ್ನೇ ನಂಬಿ ಕೂರಬೇಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಬಿಎಸ್, ಸ್ಟೇರಿಂಗ್, ಎಂಜಿನ್ ಅಂತ ಎಲ್ಲ ಲೈಟ್‌ಗಳೂ ಒಟ್ಟಿಗೆ ಹೊತ್ತಿಕೊಂಡು ಹಾಗೇ ಉಳಿದರೆ ಮೊದಲು ಬ್ಯಾಟರಿ ನೋಡಿಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟಿನ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಎಷ್ಟು ಕೋಡ್ ಬಂದರೂ ನಂಬುವ ಹಾಗಿಲ್ಲ.

ಇಷ್ಟು ನೋಡಿಕೊಂಡು ಶೋರೂಮಿಗೆ ಹೋಗಿ. ವಾರಂಟಿ ಇದ್ದರೆ ಬೇರೆ ಯೋಚನೆಯೇ ಬೇಡ, ಹೊರಗೆ ಒಂದು ವೈರನ್ನೂ ಕತ್ತರಿಸದೆ ಅಲ್ಲಿಗೇ ಹೋಗಿ. ವಾರಂಟಿ ಮುಗಿದಿದ್ದರೆ ಸರ್ವಿಸ್ ಅಡ್ವೈಸರ್ ಹತ್ತಿರ ಸಮಾಧಾನದಲ್ಲಿ ಕೇಳಿ: ಕೋಡ್ ಯಾವುದು? ಯಾವ ಪರೀಕ್ಷೆ ಮಾಡಿ ಈ ಪಾರ್ಟ್ ಹೋಗಿದೆ ಎಂದು ತಿಳಿಯಿತು? ವೈರ್, ಕನೆಕ್ಟರ್ ನೋಡಿದಿರಾ? ಚೆನ್ನಾಗಿ ಕೆಲಸ ಗೊತ್ತಿರುವವರು ಈ ಪ್ರಶ್ನೆಗೆ ಬೇಸರ ಮಾಡುವುದಿಲ್ಲ, ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅಂಥವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆಗೆಂದು ಒಂದು ಗಂಟೆಯ ಚಾರ್ಜ್ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಕಲಿತ ಕೈಗೆ ಕೊಡುವ ದುಡ್ಡು ಅದು. ಎಸ್ಟಿಮೇಟ್ ಬರಹದಲ್ಲಿ ತೆಗೆದುಕೊಳ್ಳಿ, ತೆಗೆದ ಹಳೆಯ ಪಾರ್ಟ್ ವಾಪಸ್ ಬೇಕು ಎಂದು ಮೊದಲೇ ಹೇಳಿಡಿ. ಹೇಳದೆ ಕೆಲಸ ಮಾಡಿ ಬಿಲ್ ಹಾಕಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿಗೂ ಸರಿಹೋಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಉಂಟು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರು ಕೊಡಲು ಶುಲ್ಕ ಇಲ್ಲ.

ರಿಪೇರಿ ಆಗಿ ಬಂದ ದಿನ ಲೈಟ್ ಆರಿರುತ್ತದೆ. ಕೋಡ್ ಅಳಿಸಿದರೂ ಲೈಟ್ ಆರುತ್ತದೆ, ನೆನಪಿರಲಿ. ಒಂದು ವಾರ ಮಾಮೂಲಿನಂತೆ ಓಡಿಸಿ, ಮತ್ತೆ ಸ್ಕ್ಯಾನರ್ ಹಾಕಿ, ಪೆಂಡಿಂಗ್ ಎಂಬ ಜಾಗದಲ್ಲಿ ಅದೇ ಕೋಡ್ ಕೂತಿದೆಯಾ ನೋಡಿ. ಕೂತಿದ್ದರೆ ಲೈಟ್ ಮತ್ತೆ ಹೊತ್ತುವ ತನಕ ಕಾಯಬೇಡಿ. ಬಿಲ್ಲು, ಹಳೆಯ ಪಾರ್ಟು, ಮೊದಲ ದಿನದ ಆ ಫೋಟೋ ಹಿಡಿದುಕೊಂಡು ಅದೇ ಅಡ್ವೈಸರ್ ಹತ್ತಿರ ಹೋಗಿ.

ನಮಸ್ಕಾರ.